ಸ್ನ್ಯಾಪ್‌ಗೆ ಮೊದಲೇ ಹೇಳಿಬಿಡಬೇಕು: ಕಾಲೇಜು ಫುಟ್‌ಬಾಲ್ ಗಡಿಯಾರದ ಜೊತೆ ನನ್ನ ಅನುಭವ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪ್ರತಿ ತಂಡಕ್ಕೂ ಅರ್ಧಕ್ಕೆ ಮೂರು ಟೈಮ್‌ಔಟ್ ಸಿಗುತ್ತವೆ. ನಾಲ್ಕೈದು ಪಾಯಿಂಟ್‌ನಲ್ಲಿ ಸೋತ ತಂಡದ ಪಂದ್ಯವನ್ನು ಮತ್ತೆ ಹಾಕಿಕೊಂಡು ನೋಡಿ. ಎಷ್ಟೋ ಸಲ ಅದರಲ್ಲೊಂದು ಮೂರನೇ ಕ್ವಾರ್ಟರ್‌ನಲ್ಲೇ ಹೋಗಿರುತ್ತದೆ. ಪ್ಲೇ ಕ್ಲಾಕ್ (ಮುಂದಿನ ಪ್ಲೇ ಶುರು ಮಾಡಲು ಕೊಡುವ ಸಮಯ) ಮುಗಿಯುತ್ತಾ ಬಂತು, ಆಟಗಾರರು ಇನ್ನೂ ಜಾಗಕ್ಕೆ ನಿಂತಿಲ್ಲ, ಐದು ಗಜದ ದಂಡ ತಪ್ಪಿಸೋಣ ಅಂತ ಟೈಮ್‌ಔಟ್ ಕೇಳಿರುತ್ತಾರೆ. ಕೊನೆಯಲ್ಲಿ ಅದೇ ಟೈಮ್‌ಔಟ್‌ಗೆ 40 ಸೆಕೆಂಡ್ ಬೆಲೆ ಇರುತ್ತದೆ. ಐದು ಗಜಕ್ಕೆ 40 ಸೆಕೆಂಡ್ ಕೊಡುವುದು ತೀರಾ ದುಬಾರಿ ವ್ಯಾಪಾರ.

ನಾನು ದಾವಣಗೆರೆಯವನು. ಸ್ಟ್ಯಾಟಿಸ್ಟಿಕ್ಸ್ ಓದಲು ಓಹಾಯೋಗೆ ಬಂದೆ. ಇಲ್ಲಿನ ಒಂದು ಚಿಕ್ಕ ಕಾಲೇಜಿನ ತಂಡಕ್ಕೆ ಅಂಕಿಅಂಶ ನೋಡಿಕೊಡುತ್ತಾ ಶುರು ಮಾಡಿದ್ದು. ಈಗ ಪಂದ್ಯದ ದಿನ ಮೇಲಿನ ಬಾಕ್ಸ್‌ನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂರುತ್ತೇನೆ. ಯಾವ ಆಟ ಆಡಿಸಬೇಕು ಅನ್ನುವುದು ನನಗೆ ಸಂಬಂಧವಿಲ್ಲ. ಗಡಿಯಾರ, ಟೈಮ್‌ಔಟ್ ಇವೆರಡೇ ನನ್ನ ಕೆಲಸ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 15 ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಇರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಅಂದರೆ ನಾಲ್ಕು ಡೌನ್; ಹತ್ತು ಗಜ ದಾಟಿದರೆ ಮತ್ತೆ ಹೊಸ ಫಸ್ಟ್ ಡೌನ್. ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರು ಮಾಡುವುದೇ ಸ್ನ್ಯಾಪ್. ಒಂದು ಪ್ಲೇ ಮುಗಿದ ಮೇಲೆ ಮುಂದಿನದನ್ನು ಶುರು ಮಾಡಲು 40 ಸೆಕೆಂಡ್ ಸಮಯ. ಚೆಂಡು ಹಿಡಿದವನು ಮೈದಾನದೊಳಗೇ ಬಿದ್ದರೆ ಆ 40 ಸೆಕೆಂಡ್ ಪೂರ್ತಿ ಗಡಿಯಾರ ಓಡುತ್ತಲೇ ಇರುತ್ತದೆ. ಕಬಡ್ಡಿಯಲ್ಲಿ ಮುಂದಿರುವ ತಂಡ ಕೊನೆಗೆ 30 ಸೆಕೆಂಡ್ ರೈಡನ್ನು ಪೂರ್ತಿ ಎಳೆದು ಖಾಲಿ ಕೈಯಲ್ಲಿ ವಾಪಸ್ ಬರುತ್ತದಲ್ವಾ, ಹಾಗೇ. ಅಲ್ಲಿ ಮೂರನೇ ರೈಡ್ ಡೂ ಆರ್ ಡೈ ಆಗುತ್ತದೆ, ಇಲ್ಲಿ ನಾಲ್ಕನೇ ಡೌನ್ ಬಂದು ನಿಲ್ಲುತ್ತದೆ. ಹಿಂದಿರುವ ತಂಡಕ್ಕೆ ಗಡಿಯಾರ ನಿಲ್ಲಿಸಲು ಇರುವ ಖಾತ್ರಿ ಸಾಧನ ಟೈಮ್‌ಔಟ್ ಒಂದೇ.

ಅದನ್ನು ಯಾವಾಗ ಬಳಸಬೇಕು? ಎದುರಾಳಿಯ ಕೈಯಲ್ಲಿ ಚೆಂಡು ಇದ್ದಾಗ. ನಮ್ಮ ಕೋಚ್‌ಗಳ ಜೊತೆ ಅತಿ ಜಾಸ್ತಿ ಮಾತಾಡಿದ್ದು ಇದೊಂದರ ಬಗ್ಗೆಯೇ. ನಾವು ಆಕ್ರಮಣ ಮಾಡುವಾಗ ಗಡಿಯಾರ ನಿಲ್ಲಿಸಲು ಬೇರೆ ದಾರಿಗಳಿವೆ. ಪಕ್ಕದ ಗೆರೆ ದಾಟಬಹುದು, ಚೆಂಡನ್ನು ನೆಲಕ್ಕೆ ಹೊಡೆದು ಸ್ಪೈಕ್ ಮಾಡಬಹುದು, ಇಲ್ಲವೇ ಬೇಗ ಬೇಗ ಸಾಲಿಗೆ ನಿಂತು ಮುಂದಿನ ಪ್ಲೇ ಆಡಬಹುದು. ಆಗ ಒಂದು ಟೈಮ್‌ಔಟ್ ಉಳಿಸುವುದು ಹೆಚ್ಚೆಂದರೆ 15 ಸೆಕೆಂಡ್. ಚೆಂಡು ಅವರ ಹತ್ತಿರ ಇದ್ದಾಗ ನಾವು ಬೇರೇನೂ ಮಾಡಲಾಗುವುದಿಲ್ಲ. ಅಲ್ಲಿ ಅದೇ ಟೈಮ್‌ಔಟ್ ಸುಮಾರು 40 ಸೆಕೆಂಡ್ ಉಳಿಸುತ್ತದೆ. ಲೆಕ್ಕ ಇಷ್ಟು ಸುಲಭವಾಗಿದ್ದರೂ 'ನಮ್ಮ ಡ್ರೈವ್‌ಗೆ (ನಮ್ಮ ಆಕ್ರಮಣದ ಸರದಿಗೆ) ಒಂದು ಇಟ್ಟುಕೊಳ್ಳೋಣ' ಅನ್ನುವ ಆಸೆ ಬಿಡುವುದು ಯಾವ ಕೋಚ್‌ಗೂ ಸುಲಭವಲ್ಲ.

2024ರಲ್ಲಿ ಎರಡು ನಿಮಿಷದ ಟೈಮ್‌ಔಟ್ ಬಂದ ಮೇಲೆ ಈ ಲೆಕ್ಕಕ್ಕೆ ಇನ್ನೊಂದು ಪದರ ಸೇರಿತು. ಎರಡನೇ ಮತ್ತು ನಾಲ್ಕನೇ ಕ್ವಾರ್ಟರ್‌ನಲ್ಲಿ 2:00ಕ್ಕೆ ಗಡಿಯಾರ ತಾನಾಗಿಯೇ ನಿಲ್ಲುತ್ತದೆ. ಒಂದು ಉದಾಹರಣೆ ನೋಡಿ. ನಾವು ಮೂರು ಪಾಯಿಂಟ್ ಹಿಂದೆ ಇದ್ದೇವೆ, ಅವರ ಮೊದಲ ಡೌನ್, ಗಡಿಯಾರದಲ್ಲಿ 2:50, ನಮ್ಮ ಹತ್ತಿರ ಮೂರೂ ಟೈಮ್‌ಔಟ್ ಇವೆ. ಅವರು ಓಡುತ್ತಾರೆ, ಪ್ಲೇ 2:44ಕ್ಕೆ ಮುಗಿಯುತ್ತದೆ. ತಕ್ಷಣ ಟೈಮ್‌ಔಟ್. ಹೀಗೇ 2:38ಕ್ಕೆ, 2:32ಕ್ಕೆ ಉಳಿದೆರಡೂ ಖರ್ಚು. ನಾಲ್ಕನೇ ಡೌನ್‌ನಲ್ಲಿ ಅವರು ಪಂಟ್ ಮಾಡುತ್ತಾರೆ, ಅಂದರೆ ಚೆಂಡನ್ನು ದೂರ ಒದ್ದು ನಮಗೆ ಬಿಟ್ಟುಕೊಡುತ್ತಾರೆ. ನಮಗೆ ಚೆಂಡು ಸುಮಾರು 2:24ಕ್ಕೆ ಸಿಗುತ್ತದೆ. ಟೈಮ್‌ಔಟ್ ಒಂದೂ ಇಲ್ಲ, ಆದರೆ ಎರಡು ನಿಮಿಷದ ಆ ಪುಕ್ಕಟೆ ನಿಲುಗಡೆ ಇನ್ನೂ ಮುಂದಿದೆ.

ಇನ್ನೊಂದು ದಾರಿಯೂ ಇದೆ. 2:44ಕ್ಕೆ ಸುಮ್ಮನಿರುವುದು. ಅವರು ಮುಂದಿನ ಸ್ನ್ಯಾಪನ್ನು 2:05ರವರೆಗೆ ಎಳೆಯುತ್ತಾರೆ, ಆ ಪ್ಲೇ 1:59ಕ್ಕೆ ಮುಗಿದು ಗಡಿಯಾರ ತಾನೇ ನಿಲ್ಲುತ್ತದೆ. ಮೂರನೇ ಡೌನ್ 1:53ಕ್ಕೆ ಮುಗಿದಾಗ ಒಂದು ಟೈಮ್‌ಔಟ್. ಪಂಟ್ ಆಗಿ ನಮಗೆ ಚೆಂಡು ಬಂದಾಗ 1:45, ಕೈಯಲ್ಲಿ ಎರಡು ಟೈಮ್‌ಔಟ್. ಇದು ಜಾಣತನ ಅಂತ ಕಾಣುತ್ತದೆ. ಆದರೆ ಉಳಿಸಿದ ಎರಡು ಟೈಮ್‌ಔಟ್ ನಮ್ಮ ಡ್ರೈವ್‌ನಲ್ಲಿ 30 ಸೆಕೆಂಡಿಗಿಂತ ಜಾಸ್ತಿ ಕೊಡುವುದಿಲ್ಲ. ಅವುಗಳಿಗಾಗಿ 39 ಸೆಕೆಂಡ್ ಬಿಟ್ಟುಕೊಟ್ಟಿರುತ್ತೇವೆ, ಪುಕ್ಕಟೆ ನಿಲುಗಡೆಯೂ ಮುಗಿದುಹೋಗಿರುತ್ತದೆ. ಹಾಗಾಗಿ ನಮ್ಮ ಡಿಫೆನ್ಸ್ ಅವರನ್ನು ಮೂರು ಪ್ಲೇಯಲ್ಲಿ ನಿಲ್ಲಿಸುತ್ತದೆ ಅನ್ನುವ ನಂಬಿಕೆ ಇದ್ದರೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ನಂಬಿಕೆ ಇಲ್ಲದಿದ್ದರೆ ಎರಡನೆಯದು. ಯಾಕೆಂದರೆ ಮೂರೂ ಖಾಲಿಯಾದ ಮೇಲೆ ಅವರಿಗೆ ಹೊಸ ಫಸ್ಟ್ ಡೌನ್ ಸಿಕ್ಕರೆ ಪಂದ್ಯ ಅಲ್ಲಿಗೇ ಮುಗಿಯಿತು. ಈ ನಂಬಿಕೆಯ ವಿಷಯ ನನ್ನ ಕಾಗದದಲ್ಲಿ ಇರುವುದಿಲ್ಲ. ಅದನ್ನು ಕೋಚ್ ಹೇಳಬೇಕು, ಆ ಡ್ರೈವ್ ಶುರುವಾಗುವ ಮೊದಲೇ ಹೇಳಬೇಕು.

ನನ್ನ ಕೆಲಸದ ಕ್ರಮ ಬಂದಿದ್ದೇ ಇದರಿಂದ. ಪ್ಲೇ ಮುಗಿದ ಮೇಲೆ ಯೋಚಿಸಲು ಶುರು ಮಾಡಿದರೆ ನಾಲ್ಕು ಸೆಕೆಂಡ್ ಹೋಗುತ್ತದೆ, ಕೆಲವೊಮ್ಮೆ ಹತ್ತು. ಅದಕ್ಕೇ ಪ್ರತಿ ಸ್ನ್ಯಾಪ್‌ಗೆ ಮೊದಲು ಹೆಡ್‌ಸೆಟ್‌ನಲ್ಲಿ ಒಂದೇ ವಾಕ್ಯ ಹೇಳುತ್ತೇನೆ. 'ಒಳಗೆ ಬಿದ್ದರೆ ಟೈಮ್‌ಔಟ್, ಹೊರಗೆ ಹೋದರೆ ಬೇಡ.' ಇಲ್ಲವೇ 'ಏನೇ ಆದರೂ ಬೇಡ.' ಕೋಚ್ 'ಸರಿ' ಅನ್ನುತ್ತಾರೆ. ಟೈಮ್‌ಔಟ್ ಕೇಳಲು ಹೆಡ್ ಕೋಚೇ ಲೈನ್ ಜಡ್ಜ್ (ಪಕ್ಕದ ಗೆರೆಯ ಅಂಪೈರ್) ಹತ್ತಿರ ನಿಂತಿರುತ್ತಾರೆ. ಚೆಂಡು ಹಿಡಿದವನ ಮೊಣಕಾಲು ನೆಲಕ್ಕೆ ತಾಗುವ ಹೊತ್ತಿಗೆ ಅವರ ಕೈ ಎದ್ದಿರಬೇಕು.

2009ರ ನವೆಂಬರ್‌ನಲ್ಲಿ ಮಿಸಿಸಿಪಿಯ ಆಕ್ಸ್‌ಫರ್ಡ್‌ನಲ್ಲಿ ನಡೆದ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್)–ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) ಪಂದ್ಯವನ್ನು ನಮ್ಮ ತಂಡಕ್ಕೆ ಪ್ರತಿ ಸೀಸನ್ ಶುರುವಿನಲ್ಲೂ ತೋರಿಸುತ್ತೇನೆ. ಎಲ್‌ಎಸ್‌ಯು 23–25ರಲ್ಲಿ ಹಿಂದೆ ಇತ್ತು. ಒಂದು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಪಡೆಯುವ ಮೂರು ಪಾಯಿಂಟ್) ಸಿಕ್ಕಿದ್ದರೆ ಗೆಲುವು. ಮೂರನೇ ಡೌನ್ ಮುಗಿದಾಗ 26 ಸೆಕೆಂಡ್ ಇತ್ತು, ಒಂದು ಟೈಮ್‌ಔಟೂ ಇತ್ತು. ಅದನ್ನು ಕೇಳಿದ್ದು ಗಡಿಯಾರ 9ಕ್ಕೆ ಇಳಿದ ಮೇಲೆ. ಆಮೇಲೆ ನಾಲ್ಕನೇ ಡೌನ್‌ನಲ್ಲಿ ದೊಡ್ಡ ಪಾಸ್ ಹಿಡಿದು ಗೋಲ್ ಗೆರೆಯ ಹತ್ತಿರವೇ ಬಂದರು. ಆಗ ಉಳಿದಿದ್ದು 1 ಸೆಕೆಂಡ್. ಸ್ಪೈಕ್ ಮಾಡುವಷ್ಟರಲ್ಲಿ ಸಮಯ ಮುಗಿಯಿತು. ಆ 17 ಸೆಕೆಂಡ್ ಇದ್ದಿದ್ದರೆ ಫೀಲ್ಡ್ ಗೋಲ್ ತಂಡ ಆರಾಮಾಗಿ ಒಳಗೆ ಬರಬಹುದಿತ್ತು. 2013ರಿಂದ ನಿಯಮವೂ ಖಚಿತವಾಗಿದೆ: ಗಡಿಯಾರದಲ್ಲಿ ಕನಿಷ್ಠ 3 ಸೆಕೆಂಡ್ ಇದ್ದರೆ ಮಾತ್ರ ಸ್ಪೈಕ್ ಮಾಡಿ ಇನ್ನೊಂದು ಪ್ಲೇ ಆಡಬಹುದು. 2 ಅಥವಾ 1 ಇದ್ದರೆ ಒಂದೇ ಪ್ಲೇ. ಸ್ನ್ಯಾಪ್ ತೆಗೆದುಕೊಂಡು ಆಟ ನಡೆಸುವ ನಮ್ಮ ಕ್ವಾರ್ಟರ್‌ಬ್ಯಾಕ್‌ಗಳಿಗೆ ಈ ಮೂರು ಅನ್ನುವ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿದ್ದೇನೆ.

ಮುಂದಿರುವಾಗ ಕೆಲಸ ಇನ್ನೂ ಸರಳ, ಆದರೂ ಅಲ್ಲೇ ದೊಡ್ಡ ಅನಾಹುತಗಳು ಆಗಿರುವುದು. ನನ್ನ ಕಾರ್ಡ್‌ನಲ್ಲಿ ಮಂಡಿಯೂರುವ ಲೆಕ್ಕ ಇದೆ. ಕ್ವಾರ್ಟರ್‌ಬ್ಯಾಕ್ ಚೆಂಡು ತೆಗೆದುಕೊಂಡು ಮಂಡಿಯೂರಿದರೆ ಪ್ಲೇ ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ಎರಡು ಸೆಕೆಂಡ್, ಆಮೇಲೆ 40 ಓಡುತ್ತದೆ. ನಮ್ಮ ಫಸ್ಟ್ ಡೌನ್, ಎದುರಾಳಿಗೆ ಟೈಮ್‌ಔಟ್ ಇಲ್ಲ ಅಂದರೆ 1:55ರಿಂದ ಸುಮ್ನೆ ಮಂಡಿಯೂರಿ ಮುಗಿಸಬಹುದು. ಒಂದು ಇದ್ದರೆ 1:20. ಎರಡು ಇದ್ದರೆ 0:40. ಮೂರೂ ಇದ್ದರೆ ಮಂಡಿಯೂರಿ ಪ್ರಯೋಜನವಿಲ್ಲ, ಫಸ್ಟ್ ಡೌನ್ ಗಳಿಸಲೇಬೇಕು. ಪೂರ್ತಿ ಲೆಕ್ಕಕ್ಕಿಂತ ಕೆಲವು ಸೆಕೆಂಡ್ ಕಡಿಮೆಯೇ ಬರೆದುಕೊಂಡಿದ್ದೇನೆ, ಯಾಕೆಂದರೆ ಪ್ಲೇ ಕ್ಲಾಕ್ 1ಕ್ಕೆ ಬರುವವರೆಗೂ ಕಾಯುವ ಧೈರ್ಯ ಎಲ್ಲ ಹುಡುಗರಿಗೂ ಇರುವುದಿಲ್ಲ.

2023ರ ಅಕ್ಟೋಬರ್‌ನಲ್ಲಿ ಮಯಾಮಿ ತಂಡ ಜಾರ್ಜಿಯಾ ಟೆಕ್ ವಿರುದ್ಧ 20–17ರಲ್ಲಿ ಮುಂದಿತ್ತು. ಮೂರನೇ ಡೌನ್, ಉಳಿದಿದ್ದು ಸುಮಾರು ಅರ್ಧ ನಿಮಿಷ, ಎದುರಾಳಿಗೆ ಟೈಮ್‌ಔಟ್ ಇರಲಿಲ್ಲ. ಪ್ಲೇ ಕ್ಲಾಕೇ 40 ಸೆಕೆಂಡ್. ಒಮ್ಮೆ ಮಂಡಿಯೂರಿದ್ದರೆ ಮುಗಿದಿತ್ತು. ಅವರು ಚೆಂಡು ಕೊಟ್ಟು ಓಡಿಸಿದರು, ಚೆಂಡು ಕೈಜಾರಿತು, ಜಾರ್ಜಿಯಾ ಟೆಕ್ 1 ಸೆಕೆಂಡ್ ಉಳಿದಾಗ ಟಚ್‌ಡೌನ್ (ಗೋಲ್ ಗೆರೆ ದಾಟಿ ಆರು ಪಾಯಿಂಟ್) ಮಾಡಿ 23–20ರಲ್ಲಿ ಗೆದ್ದಿತು. ಕೋಚ್ ಮಾರಿಯೊ ಕ್ರಿಸ್ಟೊಬಾಲ್ ಮಂಡಿಯೂರಬೇಕಿತ್ತು ಅಂತ ಆಮೇಲೆ ಒಪ್ಪಿಕೊಂಡರು. ಇದನ್ನು ನೋಡಿ ನಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸಾವಿರಾರು ಜನ ಕೂಗುತ್ತಿರುವಾಗ, ಒಬ್ಬ ಕೋಚ್ ಒಂದು ಕಿವಿಯಲ್ಲಿ ಆಫೆನ್ಸ್, ಇನ್ನೊಂದರಲ್ಲಿ ಡಿಫೆನ್ಸ್ ಕೇಳಿಸಿಕೊಳ್ಳುತ್ತಿರುವಾಗ, ಕಳೆಯುವ ಲೆಕ್ಕವೂ ತಲೆಗೆ ಹತ್ತುವುದಿಲ್ಲ. 'ಈಗ ಮಂಡಿಯೂರಿ' ಅಂತ ಹೇಳುವುದೇ ಒಬ್ಬನ ಪೂರ್ತಿ ಕೆಲಸ ಆಗಿರಬೇಕು.

ನಿಯಮಗಳು ಬದಲಾಗುತ್ತಲೇ ಇರುವುದರಿಂದ ಕಾರ್ಡನ್ನೂ ಬದಲಿಸಬೇಕು. 2023ಕ್ಕಿಂತ ಮೊದಲು ಪ್ರತಿ ಫಸ್ಟ್ ಡೌನ್‌ಗೂ ಗಡಿಯಾರ ಸ್ವಲ್ಪ ನಿಲ್ಲುತ್ತಿತ್ತು. ಈಗ ಅದು ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಮಾತ್ರ. ಒಂದೇ ನಿಲುಗಡೆಯಲ್ಲಿ ಒಂದರ ಹಿಂದೆ ಒಂದು ಟೈಮ್‌ಔಟ್ ತೆಗೆದುಕೊಳ್ಳುವುದೂ ಆ ವರ್ಷವೇ ನಿಂತಿತು. 2024ರ ಅಕ್ಟೋಬರ್‌ನಲ್ಲಿ ಒರೆಗಾನ್ ತಂಡ ಓಹಾಯೋ ಸ್ಟೇಟ್ ವಿರುದ್ಧ 32–31ರಲ್ಲಿ ಮುಂದಿದ್ದಾಗ ಕೊನೆಯ 10 ಸೆಕೆಂಡ್‌ನಲ್ಲಿ ಅದರ 11 ಜನರ ಬದಲು 12 ಜನ ಮೈದಾನದಲ್ಲಿದ್ದರು. ದಂಡ ಐದು ಗಜ, ಆದರೆ ಗಡಿಯಾರದಿಂದ ನಾಲ್ಕು ಸೆಕೆಂಡ್ ಹೋಯಿತು. ಓಹಾಯೋ ಸ್ಟೇಟ್‌ಗೆ ಆ ಸೆಕೆಂಡ್‌ಗಳು ಆಮೇಲೆ ಬೇಕಾದವು. ಕೆಲವೇ ದಿನಗಳಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಹೊಸ ಸೂಚನೆ ಕೊಟ್ಟು, ಅಂಥ ಸಂದರ್ಭದಲ್ಲಿ ಆಕ್ರಮಣ ಮಾಡುವ ತಂಡ ಸಮಯವನ್ನು ವಾಪಸ್ ಪಡೆಯಬಹುದು ಅಂದಿತು. ಅದು ಒಳ್ಳೆಯ ನಿರ್ಧಾರ. ಬೇಕಂತಲೇ ತಪ್ಪು ಮಾಡಿ ಸೆಕೆಂಡ್ ಕದಿಯುವ ದಾರಿ ಯಾರಿಗೂ ಇರಬಾರದು.

ವಾರದ ಅಭ್ಯಾಸದಲ್ಲಿ ನನಗೆ ಸಿಗುವುದು ಗುರುವಾರದ ಕೊನೆಯ ಹತ್ತು ನಿಮಿಷ. ಅದರಲ್ಲಿ ಫೀಲ್ಡ್ ಗೋಲ್ ಓಟಕ್ಕೇ ಹೆಚ್ಚು ಸಮಯ ಕೊಡುತ್ತೇನೆ. ಟೈಮ್‌ಔಟ್ ಇಲ್ಲ, ಗಡಿಯಾರ ಓಡುತ್ತಿದೆ, ಆಫೆನ್ಸ್ ಹೊರಗೆ ಓಡಬೇಕು, ಕಿಕ್ ತಂಡ ಒಳಗೆ ಬರಬೇಕು. ನಮ್ಮ ಹುಡುಗರಿಗೆ ಇದಕ್ಕೆ 15 ಸೆಕೆಂಡ್ ಸಾಕು. ಹಾಗಾಗಿ ಪ್ಲೇ ಮುಗಿದಾಗ ಗಡಿಯಾರ 18ಕ್ಕಿಂತ ಮೇಲಿದ್ದರೆ ಕಿಕ್ ತಂಡ ಓಡುತ್ತದೆ, ಕೆಳಗಿದ್ದರೆ ಕ್ವಾರ್ಟರ್‌ಬ್ಯಾಕ್ ಸ್ಪೈಕ್ ಮಾಡುತ್ತಾನೆ. ಅದೇ ನಾಲ್ಕನೇ ಡೌನ್ ಬರುವಂತಿದ್ದರೆ ಸ್ಪೈಕ್ ಮಾಡಿದ ಕೂಡಲೇ ಚೆಂಡು ಎದುರಾಳಿಗೆ ಹೋಗುತ್ತದೆ. ಆಗ ಗಡಿಯಾರ ಎಷ್ಟೇ ತೋರಿಸಲಿ, ಓಡಲೇಬೇಕು. ಡೌನ್ ಯಾವುದು ಅಂತ ಸ್ಕೋರ್‌ಬೋರ್ಡ್ ನೋಡದೇ ಹೇಳಲು ಹುಡುಗರಿಗೆ ಕಲಿಸುವುದು ಈ ಸೀಸನ್‌ನ ಕೆಲಸ.