ಪೌಂಡ್–ಘನ ಅಡಿಯಿಂದ ಕಿಲೋಗ್ರಾಂ–ಘನ ಮೀಟರ್‌ಗೆ: ಸಾಂದ್ರತೆ ಪರಿವರ್ತಿಸುವಾಗ ಗಮನಿಸಬೇಕಾದದ್ದು

ಒಂದು ಘನ ಅಡಿಗೆ ಇಷ್ಟು ಪೌಂಡ್ ಎಂದು ಕೊಟ್ಟಿರುವ ಸಾಂದ್ರತೆಯನ್ನು ಘನ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಬದಲಿಸಲು 16.0185ರಿಂದ ಗುಣಿಸಬೇಕು. ಬಾಯಿಲೆಕ್ಕಕ್ಕೆ 16 ಸಾಕು. ಉಕ್ಕಿನ ಸಾಂದ್ರತೆ ಘನ ಅಡಿಗೆ ಸುಮಾರು 490 ಪೌಂಡ್. 16ರಿಂದ ಗುಣಿಸಿದರೆ 7840 ಬರುತ್ತದೆ, ನಿಖರವಾಗಿ ಗುಣಿಸಿದರೆ 7849.

ಈ 16.0185 ಎಲ್ಲಿಂದ ಬಂತೆಂದು ಒಮ್ಮೆ ನೋಡಿಕೊಂಡರೆ ಅದನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ. ಒಂದು ಪೌಂಡ್ ಎಂದರೆ 0.45359237 ಕಿಲೋಗ್ರಾಂ, ಒಂದು ಅಡಿ ಎಂದರೆ 0.3048 ಮೀಟರ್, ಮೊದಲನೆಯದನ್ನು ಎರಡನೆಯದರ ಘನದಿಂದ, ಅಂದರೆ 0.0283168ರಿಂದ, ಭಾಗಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಘನ ಮಾಡುವುದನ್ನು ಮರೆತು 0.3048ರಿಂದಲೇ ಭಾಗಿಸಿದಾಗ 1.488 ಬರುತ್ತದೆ, ನೋಡಲು ಅನುಮಾನ ಹುಟ್ಟಿಸದ ಸಂಖ್ಯೆಯಾದ್ದರಿಂದ ತಪ್ಪು ಹಾಗೆಯೇ ಉಳಿದುಬಿಡುತ್ತದೆ. (ನಾನೂ ಹಾಗೆ ಬರೆದು, ಉಕ್ಕು ನೀರಿನ ಮೇಲೆ ತೇಲುವಂತೆ ಮಾಡಿದ್ದೇನೆ.)

ಆದ್ದರಿಂದ ನೀರನ್ನು ಒರೆಗಲ್ಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ನೀರಿನ ಸಾಂದ್ರತೆ ಘನ ಅಡಿಗೆ ಸುಮಾರು 62.4 ಪೌಂಡ್, ಘನ ಮೀಟರಿಗೆ ಸುಮಾರು 1000 ಕಿಲೋಗ್ರಾಂ. ನಿಮ್ಮ ಸೂತ್ರದಲ್ಲಿ 62.4 ಹಾಕಿದಾಗ 1000ದ ಆಸುಪಾಸಿನ ಉತ್ತರ ಬಾರದಿದ್ದರೆ ಸೂತ್ರವೇ ತಪ್ಪಾಗಿದೆ.

ಘನ ಅಂಗುಲದ ಲೆಕ್ಕವಿದ್ದರೆ 27.68ರಿಂದ ಗುಣಿಸಿ, ಉತ್ತರ ಘನ ಸೆಂಟಿಮೀಟರಿಗೆ ಗ್ರಾಂಗಳಲ್ಲಿ ದೊರೆಯುತ್ತದೆ.

ಗ್ಯಾಲನ್ ವಿಷಯದಲ್ಲಿ ಮಾತ್ರ, ಅದು ಅಮೆರಿಕದ್ದೋ ಬ್ರಿಟನ್ನಿನದೋ ಎಂದು ತಿಳಿಯದೆ ಲೆಕ್ಕಕ್ಕೆ ಕೈಹಾಕಬೇಡಿ. ಘನ ಮೀಟರಿಗೆ ಕಿಲೋಗ್ರಾಂ ಬೇಕಿದ್ದರೆ ಮೊದಲನೆಯದಕ್ಕೆ 119.83ರಿಂದ, ಎರಡನೆಯದಕ್ಕೆ 99.78ರಿಂದ ಗುಣಿಸಬೇಕು.