ರೀಮಿಕ್ಸ್ ಸ್ಪರ್ಧೆ ನಡೆಸುವುದು ಹೇಗೆ: ಹೆಸರು ಮುಚ್ಚಿ, ಸದ್ದು ಸಮ ಮಾಡಿ

ಗಂಗಾವತಿ, ಕುಷ್ಟಗಿ, ಸಿಂಧನೂರು ಕಡೆಯ ಹುಡುಗ ಹುಡುಗಿಯರು ಇರುವ ಒಂದು ಟೆಲಿಗ್ರಾಂ ಗುಂಪನ್ನು ನಾನು ನೋಡಿಕೊಳ್ಳುತ್ತೇನೆ. ಹೊಟ್ಟೆಪಾಡಿಗೆ ಜಾತ್ರೆ, ಮದುವೆಗಳಿಗೆ ಸೌಂಡ್ ಹಾಕುವ ಕೆಲಸ. ಗುಂಪಿನಲ್ಲಿ ಆಗಾಗ ರೀಮಿಕ್ಸ್ ಸ್ಪರ್ಧೆ ಇಡುತ್ತೇವೆ: ಒಂದೇ ಹಾಡನ್ನು ಎಲ್ಲರಿಗೂ ಕೊಟ್ಟು, ಅದಕ್ಕೆ ಹೊಸ ರೂಪ ಕೊಡಿಸುವುದು. ನೀವೂ ಇಡಬೇಕು ಅಂತಿದ್ದರೆ ಮೊದಲು ಯಾವ ಹಾಡು ಅಂತ ತೀರ್ಮಾನಿಸಿ.

ಸಿನಿಮಾ ಹಾಡು ಬೇಡ. ಹಕ್ಕು ಆಡಿಯೊ ಕಂಪನಿಯದ್ದು. ಯೂಟ್ಯೂಬಿಗೆ ಹಾಕಿದ ಕೂಡಲೇ ತಡೆ ಬಿದ್ದರೆ ಹುಡುಗರ ಕಷ್ಟವೆಲ್ಲ ನೀರುಪಾಲು. ಮಾನ್ವಿಯ ಜಗನ್ನಾಥದಾಸರಂಥ ಹಳೆಯ ದಾಸರ ಪದಗಳಿಗೆ ಆ ತೊಂದರೆ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಬರೆದವರು ತೀರಿಕೊಂಡು 60 ವರ್ಷ ಕಳೆದ ಮೇಲೆ ಆ ಸಾಹಿತ್ಯ ಎಲ್ಲರದ್ದು. ಆದರೆ ಅದೇ ಪದವನ್ನು ಈಚೆಗೆ ಯಾರಾದರೂ ಹಾಡಿ ಹೊರತಂದ ರೆಕಾರ್ಡಿಂಗಿಗೆ ಬೇರೆ ಹಕ್ಕು ಇರುತ್ತದೆ. ಹಾಗಾಗಿ ಊರಿನ ಹಾಡುಗಾರರನ್ನು ಕರೆದು ನೀವೇ ರೆಕಾರ್ಡ್ ಮಾಡಿಸಿ. ಸೋಬಾನೆ ಹಾಡುವ ಅಜ್ಜಿಯರಿರಲಿ, ಏಕತಾರಿ ಹಿಡಿದು ತತ್ವಪದ ಹೇಳುವವರಿರಲಿ, ಅವರ ಕೈಗೆ ದುಡ್ಡು ಕೊಡಿ. ರೀಮಿಕ್ಸ್ ಎಲ್ಲೆಲ್ಲಿ ಕೇಳಿಸುತ್ತದೆ, ಅದರಿಂದ ಯಾರಾದರೂ ಗಳಿಸಬಹುದಾ ಅಂತ ಓದಿ ಹೇಳಿ, ಕಾಗದದ ಮೇಲೆ ಒಪ್ಪಿಗೆ ಪಡೆಯಿರಿ. ಪ್ರತಿ ರೀಮಿಕ್ಸಿನಲ್ಲೂ ಮೊದಲ ಹೆಸರು ಹಾಡಿದವರದ್ದೇ ಇರಬೇಕು. ಇನ್ನೊಂದು ಮಾತನ್ನೂ ಅವರನ್ನೇ ಕೇಳಿ: ಯಾವ ಸಾಲನ್ನು ಕತ್ತರಿಸಬಾರದು? ದೇವರ ಹೆಸರನ್ನೋ ಮೊಹರಂ ಪದದ ದುಃಖದ ಸಾಲನ್ನೋ ತುಂಡು ಮಾಡಿ ಕುಣಿತದ ಬೀಟಿಗೆ ಹಾಕಿದರೆ ಹಾಡಿದವರಿಗೆ ನೋವಾಗುತ್ತದೆ. ಅವರು ಬೇಡ ಅಂದದ್ದು ನಿಯಮದಲ್ಲಿ ಬರಲಿ.

ಹಾಡು, ಏಕತಾರಿ, ದಮ್ಮಡಿ, ಹಲಗಿ, ಎಲ್ಲವನ್ನೂ ಬೇರೆ ಬೇರೆ ಫೈಲ್ ಮಾಡಿ. ಇವೇ ಸ್ಟೆಮ್‌ಗಳು. ಎಲ್ಲವೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ಇಲ್ಲದಿದ್ದರೆ ಜೋಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಶ್ರುತಿ ಬರೆದಿಡಿ. ನಮ್ಮ ಹಿರಿಯರು ಕ್ಲಿಕ್ಕಿಗೆ (ತಾಳ ಹಿಡಿಸುವ ಟಿಕ್ ಟಿಕ್ ಸದ್ದಿಗೆ) ಕಟ್ಟುಬಿದ್ದು ಹಾಡುವುದಿಲ್ಲ, ಲಯ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಅದನ್ನೂ ತಿಳಿಸಿ. 24 ಬಿಟ್, 44.1 ಕಿಲೊಹರ್ಟ್ಸ್ ಸ್ಟೀರಿಯೊ ವೇವ್ ಫೈಲ್ 4 ನಿಮಿಷಕ್ಕೆ 60 ಎಂಬಿ ದಾಟುತ್ತದೆ. ದಿನದ ಡೇಟಾ ಲೆಕ್ಕ ಹಾಕುವವರಿಗೆ 320 ಕೆಬಿಪಿಎಸ್ ಎಂಪಿ3 ಕೂಡ ಕೊಡಿ, 10 ಎಂಬಿ ಒಳಗೇ ಬರುತ್ತದೆ. ಫೋನಿನಲ್ಲಿ ಬ್ಯಾಂಡ್‌ಲ್ಯಾಬ್ ಅನ್ನುವ ಸಂಗೀತದ ಆ್ಯಪ್ ಇಟ್ಟುಕೊಂಡು ಮಾಡುವ ಹೊಸಬರಿಗೆ ಬೇರೆ ವಿಭಾಗ ಇರಲಿ.

ಕೊನೆಯ ದಿನವನ್ನು ಊರಿನ ಕ್ಯಾಲೆಂಡರ್ ನೋಡಿ ಇಡಿ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ದೇಶ್ವರ ಜಾತ್ರೆ ಬಂದಾಗ ಯಾರು ಮನೆಯಲ್ಲಿ ಕೂತಿರ್ತಾರೆ? ಮೂರು ವಾರ ಕೊಡಿ. ಕರೆಂಟ್ ಹೋಗುತ್ತದೆ, ಆದ್ದರಿಂದ ಕೊನೆಯ ಗಳಿಗೆಗೆ ಎರಡು ತಾಸು ರಿಯಾಯಿತಿ ಎಲ್ಲರಿಗೂ ಅಂತ ಮೊದಲೇ ಬರೆದುಬಿಡಿ. ಆಮೇಲೆ ಒಬ್ಬರಿಗೆ ಮಾತ್ರ ಬಿಟ್ಟುಕೊಟ್ಟರೆ ಜಗಳ ಗ್ಯಾರಂಟಿ. ಎಐ ದನಿ ಬಳಸಬಹುದಾ ಇಲ್ಲವಾ ಅನ್ನುವುದೂ ಅಲ್ಲೇ ಇರಲಿ. ನಮ್ಮಲ್ಲಿ ಇಲ್ಲ.

ಈಗ ಮುಖ್ಯ ವಿಷಯ. ನಮ್ಮ ಕಡೆ ಡಿಜೆ ಅಂದರೆ ಎದೆ ನಡುಗಬೇಕು. ಆ ಅಭ್ಯಾಸ ತೀರ್ಪುಗಾರರಿಗೂ ಇರುತ್ತದೆ. ಒಂದೇ ಹಾಡನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ಕಿವಿಗೆ ಅದೇ ಚೆನ್ನ ಅನ್ನಿಸುತ್ತದೆ. ಕಿವಿ ಇರುವುದೇ ಹಾಗೆ: ಸದ್ದು ಏರಿದಂತೆ ಕೆಳಗಿನ ಬೇಸ್, ಮೇಲಿನ ಚೂಪು ಎರಡೂ ಹೆಚ್ಚು ತುಂಬಿ ಕೇಳುತ್ತವೆ. ಸದ್ದು ಸಮ ಮಾಡದಿದ್ದರೆ ಲಿಮಿಟರ್ (ಏರುವ ಸದ್ದನ್ನು ಅದುಮಿ ಒಟ್ಟು ಹಾಡನ್ನು ಜೋರು ಮಾಡುವ ಸಾಧನ) ಜಾಸ್ತಿ ಒತ್ತಿದವರು ಗೆಲ್ಲುತ್ತಾರೆ, ಏಕತಾರಿಯ ಮಿಡಿತವನ್ನು ಜೋಪಾನವಾಗಿ ಉಳಿಸಿಕೊಂಡವರು ಸೋಲುತ್ತಾರೆ. ಇದು ನ್ಯಾಯವಾ? ಆಡಾಸಿಟಿ ಅನ್ನುವ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಅಂತ ಎಫೆಕ್ಟ್ ಇದೆ. ಎಲ್ಲ ಎಂಟ್ರಿಗಳನ್ನೂ ಮೈನಸ್ 18 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಎಷ್ಟು ಜೋರು ಕೇಳುತ್ತದೆ ಅನ್ನುವುದರ ಅಳತೆ) ತನ್ನಿ. ಮೇಲೆ ಏರಿಸಲು ಹೋದರೆ ಸದ್ದು ಒಡೆಯಬಹುದು, ಅದಕ್ಕೇ ಇಷ್ಟು ತಗ್ಗಿದ ಮಟ್ಟ. ತೀರ್ಪುಗಾರರು ಬೇಕಾದರೆ ತಮ್ಮ ವಾಲ್ಯೂಮ್ ಒಮ್ಮೆ ಏರಿಸಿಕೊಳ್ಳಲಿ, ಆಮೇಲೆ ಮುಟ್ಟಬಾರದು.

ಸ್ಪರ್ಧಿಗಳ ಹೆಸರುಗಳನ್ನು ತೆಗೆದು ನಂಬರ್ ಹಾಕಿ. ಆ ಪಟ್ಟಿ ಅಂಕ ಕೊಡದ ಒಬ್ಬರ ಹತ್ತಿರ ಮಾತ್ರ ಇರಲಿ. ಫೈಲಿನೊಳಗೆ ಅಡಗಿರುವ ಕಲಾವಿದರ ಹೆಸರನ್ನೂ ಅಳಿಸಿ. ಮೂವರು ತೀರ್ಪುಗಾರರು ಸಾಕು: ಮೂಲ ಹಾಡಿದವರು, ಮಿಕ್ಸಿಂಗ್ ಬಲ್ಲವರು, ಸುಮ್ನೆ ಹಾಡು ಕೇಳುವ ಒಬ್ಬರು. ಮೂಲ ದನಿಗೆ ಕೊಟ್ಟ ಜಾಗಕ್ಕೆ 10, ಹೊಸತನಕ್ಕೆ 10, ಮಿಕ್ಸಿಂಗಿಗೆ 10 ಅಂಕ. ಪ್ರತಿ ಎಂಟ್ರಿಗೂ ಎರಡು ಸಾಲು ಬರೆಯುವುದು ಕಡ್ಡಾಯ. ಸೋತವರು ಮತ್ತೆ ಬರುವುದು ಆ ಎರಡು ಸಾಲಿಗಾಗಿಯೇ.

ಜನರ ಓಟಿಗೆ ಬಹುಮಾನ ಬೇಡ. ಮನೆ ಮಂದಿ, ಕಾಲೇಜು ಗ್ರೂಪ್‌ಗೆಲ್ಲ ಲಿಂಕ್ ಕಳಿಸುವವರೇ ಗೆಲ್ಲುತ್ತಾರೆ ಅಲ್ವಾ? ಅದರ ಬದಲು ಸ್ಪರ್ಧಿಗಳೇ ಎಲ್ಲವನ್ನೂ ಕೇಳಿ, ತಮ್ಮದನ್ನು ಬಿಟ್ಟು ಮೂರು ಆರಿಸಲಿ. ಅದಕ್ಕೆ ಗೆಳೆಯರ ಮೆಚ್ಚುಗೆ ಅಂತ ಬೇರೆ ಬಹುಮಾನ ಇಡಿ.

ಮಜಾ ಬರಬೇಕಾದರೆ ಒಂದು ಷರತ್ತು ಹಾಕಿ. ಹಲಗಿ ಬಿಟ್ಟು ಬೇರೆ ಡ್ರಮ್ ಇಲ್ಲ, ಅಥವಾ ಎರಡೇ ನಿಮಿಷ. ಕಟ್ಟು ಹಾಕಿದಾಗಲೇ ತಲೆ ಓಡುತ್ತದೆ. ಭಾನುವಾರ ಸಂಜೆ ಗುಂಪಿನ ವಾಯ್ಸ್ ಚಾಟಿನಲ್ಲಿ ಎಲ್ಲವನ್ನೂ ಹಾಕಿ ಕೇಳಿ, ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ಹೆಸರು ತೆರೆಯುವುದು ಕೊನೆಗೆ. ಗೆದ್ದವರಿಗೆ ನಾವು ಕಿನ್ನಾಳದ ಮರದ ಗೊಂಬೆ ಕೊಡುತ್ತೇವೆ. ನಗದು ದೊಡ್ಡದಾದಷ್ಟೂ ಅನುಮಾನ ದೊಡ್ಡದಾಗುತ್ತದೆ. ಮರುದಿನವೇ ಪೂರ್ತಿ ಅಂಕಪಟ್ಟಿ ಗುಂಪಿಗೆ ಹಾಕಿ, ಒಂದು ವಾರ ಆಕ್ಷೇಪಕ್ಕೆ ಬಿಡಿ.