ಬಿಲ್ಲಿನ ಬಿಸಿ ಇರುವುದು ಬಚ್ಚಲಲ್ಲಿ

ಮಡಿಕೇರಿಯ ಲಾಡ್ಜ್ ಇರಲಿ, ಗೋಣಿಕೊಪ್ಪಲಿನ ಕಲ್ಯಾಣ ಮಂಟಪ ಇರಲಿ, ಕರೆಂಟ್ ಬಿಲ್ ಜಾಸ್ತಿ ಬಂತೆಂದರೆ ಮೊದಲು ಬೈಸಿಕೊಳ್ಳುವುದು ವರಾಂಡದ ಬಲ್ಬು. ಪಾಪ, 9 ವ್ಯಾಟಿನ ಎಲ್‌ಇಡಿ ದಿನಾ ರಾತ್ರಿ 12 ಗಂಟೆ ಉರಿದರೂ ತಿಂಗಳಿಗೆ ಮೂರೂಕಾಲು ಯೂನಿಟ್. ಅಷ್ಟನ್ನು ಮುಗಿಸಲು 2 ಕಿಲೋವ್ಯಾಟ್ ಗೀಸರ್‌ಗೆ ಎರಡು ಗಂಟೆಯೂ ಬೇಡ. ಆದ್ದರಿಂದ ಸ್ವಿಚ್ಚಿನ ಮೇಲೆ ಸಿಟ್ಟು ತೀರಿಸಿಕೊಳ್ಳುವ ಮೊದಲು ಲೆಕ್ಕದ ಪುಸ್ತಕ ತೆರೆಯಿರಿ.

ಮೊದಲು ಯೂನಿಟ್, ಆಮೇಲೆ ರೂಪಾಯಿ

ಹಿಂದಿನ 12 ತಿಂಗಳ ಬಿಲ್ ಹರಡಿಕೊಂಡು ಪ್ರತಿ ತಿಂಗಳ ಯೂನಿಟ್, ಎಂ.ಡಿ. ಎಂದು ನಮೂದಾಗಿರುವ ಗರಿಷ್ಠ ಬೇಡಿಕೆ (ಆ ತಿಂಗಳು ಒಮ್ಮೆಲೇ ಎಳೆದ ಅತಿ ಹೆಚ್ಚಿನ ಕಿಲೋವ್ಯಾಟ್), ನಿಗದಿತ ಶುಲ್ಕ, ಇಂಧನ ವೆಚ್ಚ ಹೊಂದಾಣಿಕೆ ಇಷ್ಟನ್ನು ಬೇರೆ ಬೇರೆ ಬರೆಯಿರಿ. ಕೊಡಗಿಗೆ ಕರೆಂಟ್ ಕೊಡುವುದು ಸೆಸ್ಕ್, ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ದರ ನಿಗದಿ ಮಾಡುವುದು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2025ರ ಮಾರ್ಚ್‌ನಲ್ಲಿ ಆಯೋಗ ಮೂರು ವರ್ಷದ ದರವನ್ನು ಒಟ್ಟಿಗೇ ಪ್ರಕಟಿಸಿತು. ಅದೇ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬತ್ತಿಗೆ ಯೂನಿಟ್‌ಗೆ 36 ಪೈಸೆ ಬೇರೆ ಸೇರಿತು. ಇನ್ನು ಇಂಧನ ಹೊಂದಾಣಿಕೆ, ವಿದ್ಯುತ್ ಖರೀದಿಯ ಖರ್ಚು ನೋಡಿಕೊಂಡು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಇದ್ಯಾವುದೂ ನಮ್ಮ ಕೈಯಲ್ಲಿಲ್ಲ. ಯೂನಿಟ್ ಅಷ್ಟೇ ಇದ್ದು ರೂಪಾಯಿ ಮಾತ್ರ ಏರಿದ್ದರೆ ಕೆಲಸದ ಹುಡುಗನನ್ನು ಗದರಿಸಿ ಪ್ರಯೋಜನವಿಲ್ಲ.

ಬಿಲ್ಲಿನಲ್ಲಿರುವ ದರದ ವರ್ಗವನ್ನೂ (ಮನೆಯದೋ, ವಾಣಿಜ್ಯದ್ದೋ) ಒಮ್ಮೆ ಓದಿ. ಮನೆಯನ್ನೇ ಹೋಂಸ್ಟೇ ಮಾಡಿದವರು, ಕಾಫಿ ಗೋದಾಮನ್ನು ಹೋಟೆಲ್ ಮಾಡಿದವರು ಇದನ್ನು ನೋಡುವುದೇ ಇಲ್ಲ.

ಬೆಳಿಗ್ಗೆ ಏಳರ ನೂಕುನುಗ್ಗಲು

ನಿಗದಿತ ಶುಲ್ಕ ಬೀಳುವುದು ಮಂಜೂರಾದ ಲೋಡಿನ ಮೇಲೆ, ಅಂದರೆ ನಿಮ್ಮ ಸಂಪರ್ಕಕ್ಕೆ ಒಪ್ಪಿಗೆಯಾದ ಸಾಮರ್ಥ್ಯದ ಮೇಲೆ, ಕಿಲೋವ್ಯಾಟ್ ಲೆಕ್ಕದಲ್ಲಿ. ಅತಿಥಿ ಬರದ ತಿಂಗಳಲ್ಲೂ ಅದನ್ನು ಕಟ್ಟಲೇಬೇಕು. ವರ್ಷಪೂರ್ತಿ ಎಂ.ಡಿ. 12 ದಾಟದಿದ್ದರೆ 25 ಕಿಲೋವ್ಯಾಟ್ ಮಂಜೂರಾತಿ ಯಾಕೆ? ಇಳಿಸಲು ಅರ್ಜಿ ಕೊಡಿ. ಆದರೆ ಡಿಸೆಂಬರ್ ಕೊನೆಯ ವಾರದ ಅಂಕಿ ನೋಡದೆ ಕೊಡಬೇಡಿ. ಮಂಜೂರಾದದ್ದಕ್ಕಿಂತ ಹೆಚ್ಚು ಎಳೆದರೆ ಆ ಹೆಚ್ಚುವರಿಗೆ ದುಪ್ಪಟ್ಟು ದರ. ಹತ್ತು ರೂಮಿನ ಗೀಸರ್ ಒಟ್ಟಿಗೇ ಹೊತ್ತಿಕೊಂಡರೆ ಅಲ್ಲೇ 20 ಕಿಲೋವ್ಯಾಟ್. ಐದನ್ನು ಆರು ಗಂಟೆಗೆ, ಐದನ್ನು ಆರೂವರೆಗೆ ಟೈಮರ್‌ಗೆ ಕಟ್ಟಿಬಿಟ್ಟರೆ ಆಯಿತು.

ಬಚ್ಚಲಿಗೆ ಬನ್ನಿ

ಕೊಡಗಿನಲ್ಲಿ ಏಸಿ ಅಷ್ಟಾಗಿ ಬೇಕಿಲ್ಲ. ಬಿಸಿನೀರಿಲ್ಲದೆ ಒಬ್ಬ ಅತಿಥಿಯೂ ನಿಲ್ಲುವುದಿಲ್ಲ. 18 ಡಿಗ್ರಿಯ 100 ಲೀಟರ್ ನೀರನ್ನು 58ಕ್ಕೆ ಏರಿಸಲು ಸುಮಾರು 4.7 ಯೂನಿಟ್ ಬೇಕು. ಯಾವ ಕಂಪನಿಯ ಗೀಸರ್ ತಂದರೂ ಇದು ತಪ್ಪದು. ರೂಮಿಗೆ 100 ಲೀಟರಿನಂತೆ ಹತ್ತು ರೂಮಿಗೆ ದಿನಕ್ಕೆ 47 ಯೂನಿಟ್. ಹೀಟ್ ಪಂಪ್ ಆದರೆ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡುವುದರಿಂದ ಸುಮಾರು ಮೂರನೇ ಒಂದು ಪಾಲಿನಲ್ಲಿ ಮುಗಿಯುತ್ತದೆ, ಚಳಿಗಾಲದಲ್ಲಿ ತುಸು ಜಾಸ್ತಿ. ಸೋಲಾರ್ ವಾಟರ್ ಹೀಟರ್ ಡಿಸೆಂಬರ್‌ನಿಂದ ಮೇವರೆಗೆ ಬಂಗಾರ, ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಬರೀ ತೊಟ್ಟಿ.

ತೋಟ ಇದ್ದವರಿಗೆ ನನ್ನ ಮೊದಲ ಸಲಹೆ ಹಳೆಯದೇ: ಮರಗಸಿಯಲ್ಲಿ (ನೆರಳಿನ ಮರ ಸವರುವಾಗ) ಸಿಗುವ ರೆಂಬೆ ಒಣಗಿಸಿಟ್ಟು ಸೌದೆ ಬಾಯ್ಲರ್ ಉರಿಸಿ. ಸೌದೆಗೆ ಇಂಧನ ಹೊಂದಾಣಿಕೆ ಶುಲ್ಕವಿಲ್ಲ. ಮಳೆಗಾಲದಲ್ಲಿ ಬಾಯ್ಲರ್ ಕೋಣೆಯಲ್ಲೇ ತಂತಿ ಕಟ್ಟಿದರೆ ಬೆಡ್‌ಶೀಟೂ ಒಣಗುತ್ತದೆ. ಡ್ರೈಯರ್ ಕೂಡ ಗೀಸರ್‌ನಷ್ಟೇ ಹೊಟ್ಟೆಬಾಕ. ಯಾವುದೇ ವ್ಯವಸ್ಥೆಯಾದರೂ ಬಿಸಿನೀರಿನ ಪೈಪಿಗೆ ಹೊದಿಕೆ ಹಾಕಿಸಿ.

ಜನರೇಟರ್ ಎಂಬ ದುಬಾರಿ ನೆಂಟ

ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮ್ಯಾನ್ ಕೂಡ ಹೇಳಲಾರ. ಆಗ ಡೀಸೆಲ್ಲೇ ಗತಿ. ಒಂದು ಲೀಟರ್‌ಗೆ ಸಿಗುವುದು 3ರಿಂದ 3.5 ಯೂನಿಟ್. ಲೀಟರ್‌ಗೆ 90 ರೂಪಾಯಿ ಹಿಡಿದರೂ ಯೂನಿಟ್‌ಗೆ 26ರಿಂದ 30 ರೂಪಾಯಿ, ಅದೂ ಬರೀ ಎಣ್ಣೆಗೆ. ದೊಡ್ಡ ಜನರೇಟರ್‌ಗೆ ನಾಲ್ಕು ಬಲ್ಬು, ಒಂದು ಫ್ರಿಜ್ ಮಾತ್ರ ಕಟ್ಟಿದರೆ ಇನ್ನೂ ಕೆಟ್ಟದು: ಎಣ್ಣೆ ಹೋಗುತ್ತದೆ, ಅದಕ್ಕೆ ತಕ್ಕ ಕರೆಂಟ್ ಬರುವುದಿಲ್ಲ, ಎಂಜಿನ್ನಿಗೆ ಮಸಿ ಕಟ್ಟುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಫ್ರಿಜ್, ಪಂಪ್, ಪಡಸಾಲೆ ದೀಪ, ವೈಫೈ ಇವನ್ನು ಪ್ರತ್ಯೇಕ ಬೋರ್ಡಿಗೆ ಹಾಕಿಸಿ. ಗೀಸರ್ ಅದರ ಹತ್ತಿರವೂ ಬರಬಾರದು. ದೀಪ, ವೈಫೈಗೆ ರಾತ್ರಿ ಇನ್ವರ್ಟರ್ ಬ್ಯಾಟರಿಯೇ ಸಾಕು.

ಚಾವಣಿಗೆ ಸೋಲಾರ್ ಪ್ಯಾನಲ್ ಹಾಕಿಸುವ ಯೋಚನೆಯಿದ್ದರೆ ಒಂದು ಮಾತು. 1 ಕಿಲೋವ್ಯಾಟ್‌ನಿಂದ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ, ಆ ಯೂನಿಟ್‌ಗೆ 20–25 ವರ್ಷ ದರ ಏರಿಕೆಯ ಭಯವಿಲ್ಲ. ಆದರೆ ಸೆಸ್ಕ್ ಲೈನಿಗೇ ಜೋಡಿಸುವ ಮಾಮೂಲಿ ಆನ್‌ಗ್ರಿಡ್ ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಲೈನಿನಲ್ಲಿ ಕೆಲಸ ಮಾಡುವವರ ಜೀವ ಉಳಿಸಲೆಂದೇ ಹಾಗೆ ಮಾಡಿರುತ್ತಾರೆ. ಕತ್ತಲೆಗೂ ಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ಕೇಳಿ. 2024ರ ಪಿಎಂ ಸೂರ್ಯಘರ್ ಸಬ್ಸಿಡಿ ಮನೆಗಳಿಗೆ ಮಾತ್ರ. ಸಿಲ್ವರ್ ಓಕ್ ನೆರಳು ಬೀಳುವ ಕಡೆ ಯಾರು ಎಷ್ಟೇ ಹೊಗಳಿದರೂ ಹಾಕಿಸಬೇಡಿ.

ದರ ಏರಿದರೆ ಯಾರ ತಲೆಗೆ?

ಪಂಚಾಯಿತಿ, ಶಾಲೆಯವರು ಬಜೆಟ್ ಬರೆಯುವಾಗ ಹೋದ ವರ್ಷದ ರೂಪಾಯಿಯನ್ನು ನಕಲು ಮಾಡದೆ, ಹೋದ ವರ್ಷದ ಯೂನಿಟ್ಟನ್ನು ಈಗಿನ ದರಕ್ಕೆ ಗುಣಿಸಿ, ಮೇಲೆ ನೂರಕ್ಕೆ ಹತ್ತು ಹೆಚ್ಚುವರಿಯಾಗಿ ತೆಗೆದಿಡಲಿ.

ಹೋಟೆಲಿನವರಿಗೆ 19 ಕೆ.ಜಿ. ಸಿಲಿಂಡರ್ ಇನ್ನೊಂದು ತಲೆನೋವು. ಅದರ ಬೆಲೆ ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಕಿಗೆ ಬದಲಾಗುತ್ತದೆ. ಆರು ತಿಂಗಳ ಮೊದಲೇ ಊಟದ ದರ ಒಪ್ಪಿಕೊಂಡವರು ಗ್ಯಾಸಿನ ಬೆಲೆಯ ಮೇಲೆ ಜೂಜಾಡಿದಂತೆ. ಮಂಟಪದವರಿಗೂ ಇದೇ ಕಥೆ. ಬಾಡಿಗೆಯನ್ನು ಇಂದು ನಿಗದಿ ಮಾಡಿ, ಕರೆಂಟನ್ನು ಮೀಟರ್ ಓದಿ ಆ ದಿನದ ದರಕ್ಕೆ, ಜನರೇಟರ್ ಡೀಸೆಲ್ಲನ್ನು ಆ ದಿನದ ಬಂಕಿನ ಬೆಲೆಗೆ ವಸೂಲಿ ಮಾಡುವುದಾಗಿ ರಸೀದಿಯಲ್ಲೇ ಬರೆಯಿರಿ. ಬೀಗದ ಕೈ ಕೊಡುವಾಗ ಒಂದು, ವಾಪಸ್ ಪಡೆಯುವಾಗ ಒಂದು ಮೀಟರ್ ಫೋಟೋ ಬಾಡಿಗೆಗೆ ಪಡೆದವರೆದುರೇ ತೆಗೆಯಿರಿ. ಹಣ ಕೊಡುವವರು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂಬ ಜಗಳ ಮಾತ್ರ ಅವರಿಗೇ ಬಿಡಿ.